ಕೈಗುಣವೂ ಎರಡು ನಿಮಿಷವೂ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಉತ್ತರ ಕನ್ನಡದ ಮನೆಗಳಲ್ಲಿ ವೈದ್ಯರೊಬ್ಬರನ್ನು ಹೊಗಳಬೇಕಾದಾಗ ಅವರ ಪದವಿಯ ಹೆಸರನ್ನು ಯಾರೂ ಎತ್ತುವುದಿಲ್ಲ. 'ಅವರ ಕೈಗುಣ ಒಳ್ಳೆಯದು' ಎಂದಷ್ಟೇ ಹೇಳುತ್ತಾರೆ. ಶಿರಸಿಯ ಪೇಟೆಯಲ್ಲಾಗಲಿ, ಕುಮಟೆಯ ಬಸ್ ನಿಲ್ದಾಣದಲ್ಲಾಗಲಿ, ಕಾರವಾರದ ಮೀನು ಮಾರುಕಟ್ಟೆಯಲ್ಲಾಗಲಿ ಅದೇ ಮಾತು. ಈಚಿನ ವರ್ಷಗಳಲ್ಲಿ ಅದರ ಬೆನ್ನಿಗೇ ಇನ್ನೊಂದು ಮಾತೂ ಕೇಳಿಬರುತ್ತಿದೆ: 'ಈಗ ಮಷೀನು ಬಂದಿದೆ, ಕೈಗುಣ ಹೋಗಿದೆ.' ಮೂವತ್ತಕ್ಕೂ ಹೆಚ್ಚು ವರ್ಷ ಈ ಜಿಲ್ಲೆಯ ಘಟ್ಟದ ಮೇಲೂ ಕೆಳಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದ ನನಗೆ ಈ ಮಾತು ಕೇಳಿದಾಗಲೆಲ್ಲ ನೋವಾಗುತ್ತದೆ. ಆದರೆ ಅದು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ.

ಏಕೆಂದರೆ ಲೆಕ್ಕವನ್ನು ಮಾತ್ರ ನೋಡಿದರೆ ಚಿತ್ರ ಬೇರೆಯೇ ಇದೆ. ಕರ್ನಾಟಕದಲ್ಲಿ 2009ರಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 41 ಶಿಶುಗಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 19ಕ್ಕೆ ಇಳಿಯಿತು. 2008ರ ನವೆಂಬರಿನಿಂದ 108ರ ಆಂಬುಲೆನ್ಸ್ ಇದೆ. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಯೋಜನೆ 2018ರಲ್ಲಿ ಬಂತು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿದ್ದ ಹೃದಯಾಘಾತದ ರೋಗಿಗಳು ಇಂದು ಸ್ಟೆಂಟ್ ಹಾಕಿಸಿಕೊಂಡು ತೋಟದ ಕೆಲಸಕ್ಕೆ ಮರಳುತ್ತಿದ್ದಾರೆ. ಹೀಗೆ ವೈದ್ಯಶಾಸ್ತ್ರ ಬೆಳೆದಿದ್ದರೂ ರೋಗಿಯ ಮನಸ್ಸಿನಲ್ಲಿ ಅದು ಕುಸಿದಂತೆ ಕಾಣುವುದೇಕೆ ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ನನ್ನ ಅಕ್ಕನ ಸಂಗತಿಯಿಂದಲೇ ಆರಂಭಿಸುತ್ತೇನೆ. ಶಿರಸಿ ತಾಲೂಕಿನ ಅಡಿಕೆ ತೋಟದ ಮನೆಯಲ್ಲಿರುವ ಅವಳಿಗೆ ಎಪ್ಪತ್ತು ದಾಟಿದೆ. ರಕ್ತದೊತ್ತಡಕ್ಕೆ ಒಂದು ಊರಿನಲ್ಲಿ ಮಾತ್ರೆ ಬರೆದುಕೊಟ್ಟಿದ್ದರು. ಕೆಲವು ತಿಂಗಳ ನಂತರ ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಹಳೆಯ ಚೀಟಿ ಮನೆಯಲ್ಲೇ ಉಳಿದಿದ್ದರಿಂದ, ಮತ್ತೊಂದು ಮಾತ್ರೆ ಬರೆದರು. ಸ್ವಲ್ಪ ದಿನಕ್ಕೆ ಕಾಲು ಊದಿತು. ಮೂರನೆಯವರು ನೀರಿಳಿಸುವ ಮಾತ್ರೆ ಕೊಟ್ಟರು. ಆಮೇಲೆ ತಲೆಸುತ್ತು ಶುರುವಾಯಿತು. ಆಗ ನಾನು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದೆ. ಅಕ್ಕನ ಮಗ ಫೋನು ಮಾಡಿದಾಗ ಎರಡು ಪ್ರಶ್ನೆಯನ್ನೂ ಕೇಳದೆ, 'ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ದೊಡ್ಡ ಡಾಕ್ಟರಿಗೆ ತೋರಿಸು' ಎಂದು ಹೇಳಿದವನು ನಾನೇ. ನೂರು ಕಿಲೋಮೀಟರ್ ಬಾಡಿಗೆ ಕಾರು, ಟೋಕನ್, ಮೂರು ತಾಸಿನ ಕಾಯುವಿಕೆ, ಮಿದುಳಿನ ಸ್ಕ್ಯಾನ್, ಕೊನೆಗೆ ತಲೆಸುತ್ತಿಗೆಂದು ಇನ್ನೂ ಒಂದು ಮಾತ್ರೆ. ಸ್ಕ್ಯಾನಿನಲ್ಲಿ ದೋಷವೇನೂ ಇರಲಿಲ್ಲ, ಆದರೆ ಅಕ್ಕ ಒಂದು ವಾರದ ನಂತರ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದಳು.

ಬಿದ್ದ ಗಾಯಕ್ಕೆ ಪಟ್ಟಿ ಕಟ್ಟಿಸಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲಿ ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿದ್ದ, ಇಪ್ಪತ್ತೈದರ ಆಸುಪಾಸಿನ ವೈದ್ಯೆಯೊಬ್ಬಳು ಪಟ್ಟಿ ಕಟ್ಟುತ್ತಲೇ 'ಹೇಗೆ ಬಿದ್ದಿರಿ, ಅಜ್ಜಿ?' ಎಂದು ಕೇಳಿದಳಂತೆ. ಅಕ್ಕ ಹೇಳಿದಳು. ಮಂಚದಿಂದ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆಗಟ್ಟುತ್ತದೆ, ಕುಳಿತರೆ ಸರಿಹೋಗುತ್ತದೆ. ಇದುವರೆಗಿನ ಚೀಟಿಗಳಲ್ಲೆಲ್ಲ ಈ ಮಾತು 'ತಲೆಸುತ್ತು' ಎಂಬ ಒಂದೇ ಪದವಾಗಿ ಇಳಿದಿತ್ತು. ಮನೆಯೇ ಗಿರ್ರನೆ ತಿರುಗಿದ ಹಾಗೆ ಆಗುವುದು ಹೆಚ್ಚಾಗಿ ಕಿವಿಯ ಒಳಗಿನ ತೊಂದರೆ. ಎದ್ದಾಗ ಕಣ್ಣು ಕತ್ತಲೆಗಟ್ಟುವುದು ಹೆಚ್ಚಾಗಿ ರಕ್ತದೊತ್ತಡ ಕುಸಿಯುವ ಲಕ್ಷಣ. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ, ನಮ್ಮ ಅಜ್ಜಿಯರು ಅವನ್ನು ಸರಿಯಾಗಿಯೇ ಬಳಸುತ್ತಾರೆ. ಆ ವೈದ್ಯೆ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಲು ಹೇಳಿದಳು. ಮರುದಿನ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲೆ ಸುರಿದಾಗ ಕಂಡದ್ದು ಇಷ್ಟು: ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಬಣ್ಣದ ಎರಡು ಮಾತ್ರೆಪಟ್ಟಿಗಳ ಹಿಂದೆ ಸಣ್ಣ ಅಕ್ಷರದಲ್ಲಿ ರಕ್ತದೊತ್ತಡದ ಒಂದೇ ಔಷಧದ ಹೆಸರು, ಆಮ್ಲೋಡಿಪಿನ್. ಅದರ ಪ್ರಮಾಣ ಹೆಚ್ಚಾದರೆ ಕಾಲು ಊದುವುದುಂಟು. ಊತಕ್ಕೆ ಕೊಟ್ಟ ಮಾತ್ರೆಯಿಂದ ಒತ್ತಡ ಇನ್ನೂ ಇಳಿದಿತ್ತು. ಮೂರು ಮಾತ್ರೆ ನಿಂತವು, ಒಂದು ಉಳಿಯಿತು. ಎರಡು ವಾರದಲ್ಲಿ ಅಕ್ಕ ಮೊದಲಿನಂತೆ ಓಡಾಡತೊಡಗಿದಳು.

ಈ ಕಥೆಯಲ್ಲಿ ದಡ್ಡ ವೈದ್ಯರು ಯಾರೂ ಇಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಚೀಟಿಯ ಮಟ್ಟಿಗೆ ಸರಿಯಾಗಿಯೇ ಬರೆದಿದ್ದರು. ಇಲ್ಲದಿದ್ದುದು ಆ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ, ರೋಗಿಯ ಮಾತನ್ನು ಕೊನೆಯವರೆಗೂ ಕೇಳುವ ಒಬ್ಬರು. ಜನರು ಕೈಗುಣ ಎನ್ನುವುದು ಬಹುಪಾಲು ಇದನ್ನೇ ಎಂದು ನನಗೆ ಈಗ ಅನ್ನಿಸುತ್ತದೆ.

ಇದು ಭಾವುಕತೆಯ ಮಾತಲ್ಲ. 1975ರಲ್ಲಿ ಬ್ರಿಟನ್ನಿನ ವೈದ್ಯರು ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ 66 ಮಂದಿಯ ಕಾಯಿಲೆ ಏನೆಂಬುದು, ಅವರು ತಂದ ಪತ್ರ ಓದಿ ಅವರ ಮಾತು ಕೇಳಿದಾಗಲೇ ಸರಿಯಾಗಿ ತಿಳಿದಿತ್ತು. ದೇಹ ಪರೀಕ್ಷೆ ಮಾಡಿದ್ದರಿಂದ ತಿಳಿದದ್ದು 7 ಮಂದಿಯದು, ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿದದ್ದು ಇನ್ನು 7 ಮಂದಿಯದು. ಯಂತ್ರಗಳು ಆಮೇಲೆ ಎಷ್ಟೋ ಪಾಲು ಸುಧಾರಿಸಿವೆ, ನಿಜ. ಆದರೂ ಯಾವ ಪರೀಕ್ಷೆ ಮಾಡಿಸಬೇಕೆಂಬುದು ಹೊಳೆಯಬೇಕಾದದ್ದು ರೋಗಿಯ ಮಾತಿನಿಂದಲೇ. ಸಿದ್ದಾಪುರದ ಕಡೆಯಿಂದ ಬೇಸಿಗೆಯಲ್ಲಿ ಜ್ವರವೆಂದು ಬಂದವರನ್ನು ನಾವು ಮೊದಲು ಕೇಳುತ್ತಿದ್ದುದು 'ದರಕು (ಒಣ ಎಲೆ) ತರಲು ಕಾಡಿಗೆ ಹೋಗಿದ್ದಿರಾ? ಉಣ್ಣಿ ಕಚ್ಚಿತ್ತಾ? ಮಂಗ ಸತ್ತದ್ದು ಕಂಡಿದ್ದೀರಾ?' ಎಂದು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ಸುಳಿವು ಆ ಮೂರು ಪ್ರಶ್ನೆಗಳಲ್ಲಿದೆ. ಆ ಪ್ರಶ್ನೆ ಕೇಳದೆ ಇದ್ದರೆ ಎಷ್ಟು ದುಬಾರಿ ಯಂತ್ರವಿದ್ದರೂ ರಕ್ತದ ಮಾದರಿ ತಕ್ಕ ಪ್ರಯೋಗಾಲಯಕ್ಕೆ ಹೋಗುವುದೇ ಇಲ್ಲ.

ಹಾಗಾದರೆ ವೈದ್ಯರು ಏಕೆ ಕೇಳುವುದಿಲ್ಲ? ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡಿನಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರೆಂದು ಕಂಡುಬಂತು. ಎಲ್ಲ ಅನುಕೂಲವಿರುವ ದೇಶದ ಸ್ಥಿತಿ ಅದು. ನಮ್ಮಲ್ಲಿ ಇದು ಅಭ್ಯಾಸದ ಪ್ರಶ್ನೆಗಿಂತ ಗಡಿಯಾರದ ಪ್ರಶ್ನೆ. ಬೆಳಗಿನ ನಾಲ್ಕು ತಾಸಿನಲ್ಲಿ ನೂರಿಪ್ಪತ್ತು ಜನರನ್ನು ನೋಡಿದ ದಿನಗಳು ನನಗೆ ಎಷ್ಟೋ ಇದ್ದವು. ಭಾಗಿಸಿದರೆ ತಲೆಗೆ ಎರಡು ನಿಮಿಷ. 2017ರಲ್ಲಿ ಹಲವು ದೇಶಗಳ ಅಂಕಿಗಳನ್ನು ಕಲೆಹಾಕಿದ ವರದಿಯೊಂದು ಭಾರತದ ಪ್ರಾಥಮಿಕ ಚಿಕಿತ್ಸೆಯಲ್ಲಿ ಒಬ್ಬ ರೋಗಿಗೆ ಸಿಗುವ ಸಮಯ ಸುಮಾರು ಎರಡು ನಿಮಿಷವೆಂದೇ ಹೇಳಿತು. ಸ್ವೀಡನ್ನಿನಲ್ಲಿ ಅದು ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಎರಡು ನಿಮಿಷದಲ್ಲಿ ಮಾತ್ರೆ ಬರೆಯಬಹುದು, ಸ್ಕ್ಯಾನಿಗೆ ಚೀಟಿ ಕೊಡಬಹುದು. ಹಾಲಕ್ಕಿ ಸಮುದಾಯದ ಹೆಂಗಸೊಬ್ಬಳು ಸಂಕೋಚ ಬಿಟ್ಟು ತನ್ನ ನೋವು ಎಲ್ಲಿ ಎಂದು ಹೇಳಲು ಬಾಯಿ ತೆರೆಯುವುದಕ್ಕೇ ಅಷ್ಟು ಹೊತ್ತು ಬೇಕು.

ಭಯವೂ ಒಂದು ಕಾರಣ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತದ್ದು ನ್ಯಾಯವಾದದ್ದೇ, ರೋಗಿಗೆ ಆ ಹಕ್ಕು ಬೇಕೇ ಬೇಕು. ಆದರೆ ಪರಿಚಯವಿಲ್ಲದ ವೈದ್ಯರೂ ಪರಿಚಯವಿಲ್ಲದ ರೋಗಿಯೂ ಎದುರುಬದುರು ಕುಳಿತಾಗ, ಎಲ್ಲ ಪರೀಕ್ಷೆಯನ್ನೂ ಬರೆದುಬಿಡುವುದು ವೈದ್ಯರಿಗೆ ರಕ್ಷಣೆಯಂತೆ ಕಾಣುತ್ತದೆ. ಅದೇ ಚೀಟಿ ರೋಗಿಗೆ ಸುಲಿಗೆಯಂತೆ ಕಾಣುತ್ತದೆ.

ನಮ್ಮ ಜಿಲ್ಲೆಗೆ ಇದರ ಮೇಲೆ ದೂರದ ಹೊರೆ ಬೇರೆ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿದ, ಬಹುಪಾಲು ಕಾಡಿರುವ ನೆಲ ನಮ್ಮದು. ಮಿದುಳಿನ ರಕ್ತನಾಳ ಕಟ್ಟಿ ಪಾರ್ಶ್ವವಾಯು ಹೊಡೆದರೆ, ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ತಾಸು. ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಜೋಯಿಡಾದ ಒಳಹಳ್ಳಿಯಿಂದ ಹೊರಟವರಿಗೆ ಆ ಹೊತ್ತು ದಾರಿಯಲ್ಲೇ ಕಳೆಯುತ್ತದೆ. 'ಮೇಲಕ್ಕೆ ಬರೆದುಕೊಟ್ಟರು' ಎಂಬುದು ನಮ್ಮಲ್ಲಿ ನಿತ್ಯದ ಮಾತಾಗಿಬಿಟ್ಟಿದೆ. ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವೆಗೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಹೋಗುತ್ತಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಳೆಯ ರಸ್ತೆಯಲ್ಲಿ ಜಾರಿ ಅಪ್ಪಳಿಸಿದಾಗ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು ಆಗ ಎಷ್ಟು ಜೋರಾಯಿತೆಂಬುದು ನಿಮಗೆಲ್ಲ ನೆನಪಿದೆ. ಆ ಬೇಡಿಕೆ ನನ್ನದೂ ಹೌದು. ಆದರೆ ದೊಡ್ಡ ಆಸ್ಪತ್ರೆ ಬಂದ ಮೇಲೂ ಅಲ್ಲಿಗೆ ಯಾರು, ಯಾವಾಗ, ಯಾವ ಚೀಟಿಯೊಂದಿಗೆ ಹೋಗಬೇಕೆಂದು ಹೇಳುವವರು ಊರಿನ ಹತ್ತಿರದ ವೈದ್ಯರೇ ಆಗಿರಬೇಕು.

ಆ ವೈದ್ಯರು ನಮ್ಮಲ್ಲಿ ನಿಲ್ಲುವುದಿಲ್ಲ. 2012ರ ಕಾನೂನಿನಂತೆ ಗ್ರಾಮೀಣ ಸೇವೆಗೆ ಬರುವ ತರುಣ ತರುಣಿಯರು ಒಂದು ವರ್ಷದ ಮಟ್ಟಿಗೆ ಬರುತ್ತಾರೆ. ಮೊದಲ ಕೆಲವು ತಿಂಗಳು ಊರಿನ ಮಾತು ತಿಳಿಯುವುದರಲ್ಲೇ ಹೋಗುತ್ತದೆ. ಬಯಲುಸೀಮೆಯಿಂದ ಬಂದವರಿಗೆ ಹವ್ಯಕರ ಕನ್ನಡವೂ ಹೊಸದು, ಸಿದ್ದಿಯರ ಕೊಂಕಣಿಯೂ ಹೊಸದು. ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆ ಇದೆ, ಯಾರು ಮಾತ್ರೆಯನ್ನು ಅರ್ಧಕ್ಕೇ ಬಿಡುತ್ತಾರೆ ಎಂಬುದು ತಿಳಿಯುವ ಹೊತ್ತಿಗೆ ಅವರ ಅವಧಿ ಮುಗಿದಿರುತ್ತದೆ. ಗುಡ್ಡಗಾಡಿನಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಪ್ಪತ್ತು ಸಾವಿರ ಜನ ಎಂಬುದು ನಿಯಮ. ಅಷ್ಟು ಜನರ ದೇಹದ ಇತಿಹಾಸ ಪ್ರತಿ ವರ್ಷ ಹೊಸದಾಗಿ ಮೊದಲಿನಿಂದ ಆರಂಭವಾಗುತ್ತದೆ. ಒಳ್ಳೆಯ ವಸತಿ, ಅವರ ಮಕ್ಕಳಿಗೆ ಶಾಲೆ, ಜೊತೆಗೊಬ್ಬ ಸಹೋದ್ಯೋಗಿ, ಇಲ್ಲಿ ಐದು ವರ್ಷ ನಿಂತವರಿಗೆ ಮುಂದಿನ ಓದಿನಲ್ಲಿ ಗಟ್ಟಿಯಾದ ಆದ್ಯತೆ, ಇಷ್ಟನ್ನು ಕೊಡದೆ ಅವರು ನಿಲ್ಲಲಿಲ್ಲವೆಂದು ದೂರುವುದು ನ್ಯಾಯವಲ್ಲ.

ಅಕ್ಕ ಈಗ ತನ್ನ ಮಾತ್ರೆಯ ಹೆಸರು, ಪ್ರಮಾಣ, ರಕ್ತದೊತ್ತಡದ ಅಂಕಿ ಎಲ್ಲವನ್ನೂ ಮೊಮ್ಮಗನ ಹಳೆಯ ಶಾಲಾ ಪಟ್ಟಿಯೊಂದರಲ್ಲಿ, ಅಂದರೆ ನೋಟ್‌ಬುಕ್ಕಿನಲ್ಲಿ, ಬರೆಸಿ ಇಟ್ಟುಕೊಂಡಿದ್ದಾಳೆ. ಬರೆದುಕೊಡುವ ಕ್ರಮವನ್ನು ತೋರಿಸಿದವಳು ಆ ವೈದ್ಯೆಯೇ. ನೀವೂ ಹಾಗೆ ಮಾಡಿ. ಕಂಪನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಮೂಲ ಹೆಸರನ್ನೇ ಬರೆದುಕೊಳ್ಳಿ, ಯಾವ ಊರಿನ ಆಸ್ಪತ್ರೆಗೆ ಹೋದರೂ ಆ ಪಟ್ಟಿ ಕೈಯಲ್ಲಿರಲಿ. ಕಳೆದ ತಿಂಗಳು ನಾನು ಊರಿಗೆ ಹೋದಾಗ ಆ ಹುಡುಗಿಯ ಸೇವೆಯ ವರ್ಷ ಮುಗಿದು, ಮುಂದಿನ ಓದಿಗೆಂದು ಹೊರಟುಹೋಗಿದ್ದಳು. ಅಕ್ಕ ಪಟ್ಟಿಯನ್ನು ನನಗೆ ತೋರಿಸಿ, ಮಡಚಿ ಗೂಡಿನಲ್ಲಿಟ್ಟು ಕೇಳಿದಳು: 'ಆ ಕೂಸು ಮತ್ತೆ ಇಲ್ಲಿಗೆ ಬತ್ತಿಲ್ಯಾ?'

ನಮಸ್ಕಾರ.