ನಿಮ್ಮಿಬ್ಬರ ಹಾಡನ್ನ ಈಗ ಏನು ಮಾಡೋದು?

ಎಲ್ಲರಿಗೂ ನಮಸ್ಕಾರ. ಬ್ರೇಕಪ್ ಆದವರಿಗೆ ಸಂಗೀತ ಅನ್ನೋ ವಿಷಯ ಕೊಟ್ಟಿದ್ದಾರೆ. ಮುಂದಿನ ಸಾಲಿನ ಹಿರಿಯರು ಮುಖಮುಖ ನೋಡ್ಕೋತಿದ್ದೀರಿ. ನಿಮ್ಮ ಕಾಲದಲ್ಲೂ ಇದಿತ್ತು ಬಿಡಿ, ಕ್ಯಾಸೆಟ್ ಹಾಕ್ಕೊಂಡು ಅಳ್ತಿದ್ರಿ, ಅಷ್ಟೆ.

"ಅಳೋ ಹಾಡು ಬಿಡು, ಜೋಶ್ ಇರೋದು ಕೇಳು" ಅಂತ ಸ್ನೇಹಿತರು ಬುದ್ಧಿ ಹೇಳ್ತಾರೆ. ನಾನು ಒಪ್ಪಲ್ಲ. ಸಂಗೀತ ಚಿಕಿತ್ಸೆಯಲ್ಲಿ 1940ರ ದಶಕದಿಂದ ಬಳಕೆಯಲ್ಲಿರೋ 'ಐಸೋ ತತ್ವ' ಬೇರೇನೇ ಹೇಳುತ್ತೆ: ಮನಸ್ಸು ಈಗ ಎಲ್ಲಿದೆಯೋ ಅದಕ್ಕೆ ಹೊಂದೋ ಹಾಡಿಂದ ಶುರು ಮಾಡಿ, ಆಮೇಲೆ ಒಂದೊಂದೇ ಹಾಡಿಗೆ ಭಾವ ತಿಳಿಯಾಗಿಸ್ತಾ ಹೋಗಿ. ಶೋಕದ ರಾಗ ಶುಭಪಂತುವರಾಳಿ ಕೇಳಿ ಅತ್ತುಬಿಡಿ, ನಿಧಾನಕ್ಕೆ ಹಗುರಾದ ಮೋಹನ ರಾಗಕ್ಕೆ ಬನ್ನಿ. ನೇರ ತಮಟೆ ಸದ್ದಿಗೆ ಹಾರಬೇಡಿ.

ತೊಂದರೆ ಇರೋದು ಅಳೋದರಲ್ಲಲ್ಲ, ಅಲ್ಲೇ ಸುತ್ತೋದರಲ್ಲಿ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಅವರ ತಂಡ ಪ್ರೀತಿಯಲ್ಲಿ ತಿರಸ್ಕೃತರಾದವರಿಗೆ ಆ ವ್ಯಕ್ತಿಯ ಫೋಟೋ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡ್ತು. ಕೊಕೇನ್ ಚಟದ ಹಂಬಲಕ್ಕೆ ಸಂಬಂಧಿಸಿದ ಭಾಗಗಳೇ ಚುರುಕಾಗಿದ್ವು. 'ನಿಮ್ಮಿಬ್ಬರ ಹಾಡು' ಕೂಡ ಆ ಫೋಟೋ ಥರಾನೇ ಅಂತ ನನಗನ್ನಿಸುತ್ತೆ. ಅದನ್ನ ಡಿಲೀಟ್ ಮಾಡೋದೇನೂ ಬೇಡ, ಬೇರೆ ಲಿಸ್ಟಿಗೆ ಹಾಕಿ ಎತ್ತಿಡಿ. ಮುಂದಿನ ಹಾಡು ಯಾವುದು ಅನ್ನೋದನ್ನ ಆಪ್‌ಗಂತೂ ಬಿಡಬೇಡಿ. ಒಂದು ವಿರಹಗೀತೆ ಕೇಳಿದ್ರೆ ಅದು ಇನ್ನೂ ಹತ್ತು ತಂದು ಸುರಿಯುತ್ತೆ. ನೀವು ಸುಧಾರಿಸಿಕೊಂಡ್ರೆ ಅದಕ್ಕೇನು ಬಂತು, ನೀವು ಕೇಳ್ತಾ ಇರಬೇಕು ಅಷ್ಟೆ.

ಕೇಳೋದಕ್ಕಿಂತ ಹಾಡೋದು ಮೇಲು. ಮಲ್ಲೇಶ್ವರದಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗ ಬ್ರೇಕಪ್ ಆದ್ಮೇಲೆ ನನ್ನ ಹತ್ರ ಸಂಗೀತ ಪಾಠಕ್ಕೆ ಬರ್ತಿದ್ದ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದ್ರೆ ಕಲಿಯೋರ ಮೊದಲ ಸ್ವರಪಾಠ; ಎಂಟೆಣಿಕೆಯ ಆದಿತಾಳ. ತೊಡೆ ಮೇಲೆ ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ತಟ್ಟಿ ತಿರುಗಿಸು, ತಟ್ಟಿ ತಿರುಗಿಸು. ಇವನ ಕೈ ಉಂಗುರದ ಬೆರಳಲ್ಲೇ ನಿಂತುಬಿಡೋದು.

"ಎಲ್ಲಿಗೆ ಹೋಗಿದ್ಯಪ್ಪ?"

"ಇಂದಿರಾನಗರಕ್ಕೆ, ಮೇಡಂ."

"ಸರಿ, ಮೊದಲಿಂದ ಎತ್ಕೋ."

ಮನಸ್ಸು ಅತ್ತ ಹೋಯ್ತೋ, ತಾಳ ತಪ್ಪಿತು. ಸ್ವರ, ತಾಳ ಎರಡನ್ನೂ ಹಿಡಿದು ಕೂತವನಿಗೆ ಹಳೇ ಮೆಸೇಜ್ ತೆಗೆದು ಓದೋಕೆ ಕೈ ಎಲ್ಲಿ ಬಿಡುವಾಗಬೇಕು? ಜೊತೆಗೆ, ಹಾಡುವಾಗ ಉಸಿರು ಬಿಡೋದು ಉದ್ದವಾಗುತ್ತೆ, ಉಸಿರು ಬಿಡುವಾಗ ಎದೆಬಡಿತ ನಿಧಾನ ಆಗುತ್ತೆ. ಕಂಠ ಚೆನ್ನಾಗಿರಲೇಬೇಕು ಅಂತೇನಿಲ್ಲ. ಅವನದೂ ಅಷ್ಟಕ್ಕಷ್ಟೆ.

ಅದೂ ಆಗಲ್ಲ ಅನ್ನೋರು ಇಯರ್‌ಫೋನ್ ತೆಗೆದಿಟ್ಟು, ಜನದ ನಡುವೆ ಕೂತು ಕೇಳಿ. 1939ರಿಂದ ನಡೆದುಬಂದಿರೋ ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಸಂಗೀತ ಕಚೇರಿಗಳಿವೆ. ಪಕ್ಕದಲ್ಲಿ ಕೂತ ಅಜ್ಜ ತಾಳ ಹಾಕ್ತಾ ನಿಮ್ಮ ಕೈಯನ್ನೂ ಎಳೀತಾರೆ.

ಊಟ ನಿದ್ದೆ ಕೆಟ್ಟು ವಾರಗಳಾದ್ರೂ ಸರಿಹೋಗದಿದ್ರೆ, ಬದುಕೇ ಬೇಡ ಅನಿಸಿದ್ರೆ, ರಾಗ ಹುಡುಕ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ಪ್ರಶ್ನೆ ಕೇಳಿ. "ಅವಳಿಗೆ ಯಾವ ಹಾಡು ಕಳಿಸಲಿ" ಅಂತ ಆಗಲೇ ಒಂದು ಚೀಟಿ ಬಂದಿದೆ. ಯಾವುದನ್ನೂ ಕಳಿಸಬೇಡಪ್ಪ.