ಅಪ್ಪನ ಓಟಿ, ನನ್ನ ಟೈಮ್‌ಶೀಟ್

ನಮಸ್ಕಾರ. ಮನೆ ಮಹಡಿಯಿಂದ ಮಾತಾಡುತ್ತಿದ್ದೇನೆ, ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ಇದೇ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ದುಡಿದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸೈರನ್ ಆಯಿತಾ, ಶಿಫ್ಟ್ ಮುಗಿಯಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದರೆ ಡಬಲ್ ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಅಪ್ಪ ಓಟಿ, ಅಂದರೆ ಓವರ್‌ಟೈಮ್ ಗಂಟೆಗಳನ್ನು ಜೇಬಿನ ಡೈರಿಯಲ್ಲಿ ಬರೆದಿಡುತ್ತಿದ್ದರು. ಸಂಬಳದ ದಿನ ಡೈರಿಗೂ ಚೀಟಿಗೂ ತಾಳೆ ನೋಡುತ್ತಿದ್ದರು. ಎರಡು ಗಂಟೆ ಕಮ್ಮಿ ಬಿದ್ದರೂ ಹೋಗಿ ಕೇಳುತ್ತಿದ್ದರು.

ನಾನು ಪ್ರೋಗ್ರಾಮರ್. ಹನ್ನೊಂದು ವರ್ಷವಾಯಿತು. ನನಗೆ ಸೈರನ್ ಇಲ್ಲ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಕ್ಲೈಂಟ್ ಕಾಲ್‌ನಲ್ಲಿದ್ದೆ. ಅಪ್ಪ ಬಾಗಿಲಲ್ಲಿ ಇಣುಕಿ, "ಇದಕ್ಕೆ ಓಟಿ ಎಷ್ಟು ಬರ್ತೈತಪ್ಪ?" ಅಂದರು. ಮೈಕ್ ಮ್ಯೂಟ್ ಆಗಿದೆಯಾ ಅಂತ ಮೊದಲು ನೋಡಿಕೊಂಡೆ. ಆಮೇಲೂ ಉತ್ತರ ಹೊಳೆಯಲಿಲ್ಲ.

ಅದೇ ವಾರ ನಮ್ಮ ಬೀದಿಯ ಹುಡುಗನೊಬ್ಬ ಆಫರ್ ಲೆಟರ್ ಹಿಡಿದು ಬಂದ. ಕ್ಯಾಂಪಸ್‌ನಲ್ಲಿ ಆಯ್ಕೆಯಾಗಿದ್ದಾನೆ. ವರ್ಷಕ್ಕೆ 3 ಲಕ್ಷ 60 ಸಾವಿರ. "ಅಣ್ಣಾ, ತಿಂಗಳಿಗೆ 30 ಕೈಗೆ ಬರ್ತೈತಲ್ಲ?" ಅಂದ. ಮಂಡಕ್ಕಿ ಮಿರ್ಚಿ ಗಾಡಿ ಪಕ್ಕ ನಿಂತು, ಮೊಬೈಲ್‌ನಲ್ಲೇ ಲೆಕ್ಕ ಹಾಕಿದೆವು. 30 ಸಾವಿರದಲ್ಲಿ 3 ಸಾವಿರ ವೇರಿಯಬಲ್, ಅದು ವರ್ಷದ ಕೊನೆಗೆ, ಅದೂ ಕಂಪನಿ ಮನಸ್ಸು ಮಾಡಿದರೆ. ಮೂಲ ವೇತನ 15 ಸಾವಿರ. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ 1,800. ಅದನ್ನೂ ಇವನ ಸಂಬಳ ಅಂತಲೇ ತೋರಿಸಿದ್ದಾರೆ. ಗ್ರಾಚುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಅದಕ್ಕೆ ಅಂತ ಸುಮಾರು 720. ಇವನು ಕಟ್ಟುವ ಪಿಎಫ್ ಮತ್ತೆ 1,800. ಉಳಿದಿದ್ದು 22,700ರ ಹತ್ತಿರ. ಒಂದೇ ಒಂದು ಒಳ್ಳೆ ಸುದ್ದಿ ಏನಪ್ಪಾ ಅಂದರೆ, ಸಂಬಳ 25 ಸಾವಿರ ಮುಟ್ಟದೇ ಇರೋದರಿಂದ 200 ರೂಪಾಯಿ ವೃತ್ತಿ ತೆರಿಗೆ ಬೀಳಲ್ಲ!

ಹುಡುಗ ಇಷ್ಟಕ್ಕೇ ಸಪ್ಪಗಾದ. ನಾನು ಬಿಡಲಿಲ್ಲ. ತಿಂಗಳಿಗೆ 22 ದಿನ, ದಿನಕ್ಕೆ 9 ಗಂಟೆ ಅಂದರೆ ಗಂಟೆಗೆ ಸುಮಾರು 115 ರೂಪಾಯಿ. ಅದೇ 12 ಗಂಟೆ ಕೂತರೆ? 86. ಸಂಬಳ ಯಾರೂ ಕಡಿಮೆ ಮಾಡಲಿಲ್ಲ, ತಾನೇ ಕಡಿಮೆಯಾಯಿತು. ನಮ್ಮ ಲೈನ್‌ನಲ್ಲಿ ಎಲ್ಲರೂ ಪ್ಯಾಕೇಜ್ ಎಷ್ಟು ಅಂತ ಕೇಳುತ್ತಾರೆ. ಗಂಟೆಗೆ ಎಷ್ಟು ಬಿತ್ತು ಅಂತ ಕೇಳಿದವರನ್ನು ನಾನು ನೋಡಿಲ್ಲ. ನಮ್ಮಪ್ಪ ಒಬ್ಬರನ್ನು ಬಿಟ್ಟು.

ಕಾನೂನು ಇಲ್ಲ ಅಂತ ಅಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರಲ್ಲೂ 9 ಗಂಟೆ, 48 ಗಂಟೆ, ಹೆಚ್ಚಿಗೆ ದುಡಿದರೆ ಡಬಲ್ ಅಂತಲೇ ಇದೆ. ಆದರೆ ಹೆಚ್ಚಿಗೆ ದುಡಿದದ್ದು ಎಲ್ಲಿ ಬರೆದಿದೆ? ನಾನು ನೋಡಿದ ಕಡೆಯೆಲ್ಲ 12 ಗಂಟೆ ದುಡಿದವನೂ ಶುಕ್ರವಾರ ಸಂಜೆ ಟೈಮ್‌ಶೀಟ್‌ನಲ್ಲಿ 9 ಅಂತ ತುಂಬುತ್ತಾನೆ. ಸುಳ್ಳು ಬರೆಯೋದು ನಾವೇ, ಅಲ್ವಾ?

ನಾರಾಯಣ ಮೂರ್ತಿಯವರು 2023ರಲ್ಲಿ ವಾರಕ್ಕೆ 70 ಗಂಟೆ ಅಂದಾಗ ಎಲ್ಲರೂ ರೇಗಿದರು. ನನಗೇನೂ ಆಶ್ಚರ್ಯವಾಗಲಿಲ್ಲ, ನಾನಾಗಲೇ 60 ದಾಟಿದ್ದೆ. ನನ್ನ ತಕರಾರು ಬೇರೆ. ಆ ಹೆಚ್ಚಿನ ಗಂಟೆಗಳಲ್ಲಿ ನಾವು ಮಾಡುವ ಕೆಲಸವಾದರೂ ಎಂಥದ್ದು? ಒಂದು ಸಲ ರಾತ್ರಿ ಹನ್ನೊಂದೂವರೆಗೆ ಅಪ್‌ಡೇಟ್ ಕ್ವೆರಿ ಬರೆದೆ, ಡೇಟಾಬೇಸ್‌ನಲ್ಲಿರುವ ಮಾಹಿತಿ ಬದಲಿಸುವ ಆದೇಶ ಅದು. ಯಾವ ಸಾಲು ಅಂತ ಹೇಳುವ 'ವೇರ್' ಹಾಕೋದು ಮರೆತೆ. ಒಂದು ಸಾಲು ಬದಲಾಗಬೇಕಿದ್ದ ಕಡೆ ಇಡೀ ಟೇಬಲ್ ಬದಲಾಯಿತು. ಪುಣ್ಯಕ್ಕೆ ಟೆಸ್ಟ್ ಡೇಟಾಬೇಸ್. ಆದರೂ ಮರುದಿನ ಮಧ್ಯಾಹ್ನದವರೆಗೆ ಅದನ್ನೇ ಸರಿಮಾಡುತ್ತಾ ಕೂತೆ. ಮಜಾ ಅಂದರೆ, ರಾತ್ರಿಯೆಲ್ಲ ಕೂತಿದ್ದಕ್ಕೆ ಟೀಮ್‌ನಲ್ಲಿ ಶಭಾಷ್ ಅಂತ ಮೇಲ್ ಬಂತು. ಆರು ಗಂಟೆಗೆ ಕೆಲಸ ಮುಗಿಸಿ ಎದ್ದು ಹೋಗುತ್ತಿದ್ದ, ತಪ್ಪೇ ಮಾಡದ ಹುಡುಗಿಗೆ ಆ ವರ್ಷ ಹೈಕ್, ಅಂದರೆ ಸಂಬಳದ ಏರಿಕೆ, ಕಡಿಮೆ. ಅವಳು ಕಂಪನಿ ಬದಲಿಸಿದಳು, ಒಳ್ಳೆ ಸಂಬಳ ಸಿಕ್ಕಿತು. ನಿಷ್ಠೆಯಿಂದ ಕೂತವನು ನಾನು.

ಊರಿಂದಲೇ ಕೆಲಸ ಅಂದಾಗ ಖುಷಿಪಟ್ಟೆ. ಬೆಂಗಳೂರಿನ ಬಾಡಿಗೆ ಇಲ್ಲ, ದಿನಾ ಎರಡು ಗಂಟೆ ಟ್ರಾಫಿಕ್ ಇಲ್ಲ. ಆ ಎರಡು ಗಂಟೆ ಎಲ್ಲಿ ಹೋಯಿತು ಗೊತ್ತಾ? ಒಂದು ಬೆಳಗಿನ ಕಾಲ್‌ಗೆ, ಇನ್ನೊಂದು ರಾತ್ರಿಯ ಕಾಲ್‌ಗೆ. ಮೇಲಿಂದ, ಹೈಕ್ ಕೇಳಿದರೆ "ನೀವು ಊರಲ್ಲೇ ಇದ್ದೀರಲ್ಲ, ಖರ್ಚೇನು?" ಅನ್ನುತ್ತಾರೆ. ನನ್ನ ಖರ್ಚು ಉಳಿದರೆ ಇವರಿಗೇಕೆ ರಿಯಾಯಿತಿ ಕೊಡಬೇಕು? ಬೆಣ್ಣೆ ದೋಸೆ ಹೋಟೆಲ್‌ನವರು ನನ್ನ ಮನೆ ಹತ್ತಿರ ಅಂತ ದೋಸೆಗೆ ರೇಟು ಇಳಿಸುತ್ತಾರಾ?

ಹೋದ ತಿಂಗಳು ನಾನೂ ಒಂದು ಡೈರಿ ತಂದೆ, 40 ರೂಪಾಯಿದು. 9ರ ಮೇಲೆ ಕೂತ ಪ್ರತಿ ಗಂಟೆಯನ್ನೂ ಬರೆದೆ, ಯಾವ ಕಾಲ್, ಯಾರು ಕರೆದದ್ದು ಅಂತ ಸಮೇತ. ತಿಂಗಳಿಗೆ 41 ಗಂಟೆ ಆಯಿತು. ಮ್ಯಾನೇಜರ್ ಮುಂದಿಟ್ಟೆ. ಅವರು ಒಳ್ಳೆಯವರೇ, ಅವರೂ ಅಷ್ಟೇ ಕೂತಿರುತ್ತಾರೆ ಪಾಪ. ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ವಾರಕ್ಕೆ ಮೂರು ರಾತ್ರಿ ಕಾಲ್ ಇದ್ದದ್ದು ಒಂದಾಯಿತು. ಎರಡು ದಿನ ಕಾಂಪ್ ಆಫ್ ಸಿಕ್ಕಿತು.

ಕೆಳಗಿಳಿದು ಅಪ್ಪನಿಗೆ ಹೇಳಿದೆ, 41 ಗಂಟೆಗೆ ಎರಡು ದಿನ ರಜೆ ಕೊಟ್ಟರು ಅಂತ.

ಬೆರಳು ಮಡಚಿ ಎಣಿಸಿದರು. "ಡಬಲ್ ಅಲ್ಲೇನು?" ಅಂದರು.