ದೊಡ್ಡಮ್ಮನ ಮಾಡಿಗೆ ಹಂಚು ಹಾಕಲು ದಿಲ್ಲಿ ಹೂಂ ಅನ್ನಬೇಕು

ನಮಸ್ಕಾರ. ಬೆಳಿಗ್ಗೆ ಆರೂವರೆ ಆಗಿದೆ. ಇದು ಉಡುಪಿ, ರಥಬೀದಿ. ರಥಬೀದಿ ಇಷ್ಟು ಖಾಲಿ ಕಾಣಬೇಕಾದರೆ ಈ ಹೊತ್ತಿಗೇ ಬರಬೇಕು. ಇನ್ನೊಂದು ಗಂಟೆ ಬಿಟ್ಟರೆ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ಇವತ್ತು ಹೋಗಬೇಕಾದದ್ದು ಕಾರ್ಕಳಕ್ಕೆ, ದೊಡ್ಡಮ್ಮನ ಮನೆಗೆ. ಅಲ್ಲಿ ಮಾಡು ಸೋರುತ್ತಾ ಉಂಟು. ಅದಕ್ಕೆ ಮೊದಲು ಇಲ್ಲಿ ಒಂದು ಜಾಗ ತೋರಿಸಬೇಕು ನಿಮಗೆ.

ಇದೇ ಜಾಗ. ರಥಬೀದಿಯಿಂದ ಎರಡು ತಿರುವು ಈಚೆ. ಈ ತಗಡಿನ ಬೇಲಿಯ ಒಳಗೆ ಹೋದ ವರ್ಷದವರೆಗೆ ಒಂದು ಮಾಳಿಗೆ ಮನೆ ಇತ್ತು. ಮರದ ಕಂಬದ ಜಗಲಿ, ಕೆಂಪು ನೆಲ, ಹಂಚಿನ ಮಾಡು. ಶಾಲೆಯಿಂದ ಬರುವಾಗ ಮಳೆ ಜೋರಾದರೆ ಆ ಜಗಲಿಯಲ್ಲಿ ನಿಲ್ಲುತ್ತಿದ್ದೆವು. ಯಾರೂ ಏನೂ ಅನ್ನುತ್ತಿರಲಿಲ್ಲ. ಈಗ ನೋಡಿ, ಜೆಸಿಬಿ ಗುರುತು ಬಿಟ್ಟರೆ ಏನೂ ಇಲ್ಲ. ಎರಡು ದಿನದಲ್ಲಿ ಕೆಡವಿದರಂತೆ. ಅವರದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಮನೆ ಅವರದ್ದು. ಮಕ್ಕಳು ಐದು ಜನ, ಪಾಲು ಆಗಬೇಕಿತ್ತು. ಆದರೂ ಬೇಜಾರಾಗುತ್ತದೆ.

ಈ ಮನೆ ಮತ್ತು ದೊಡ್ಡಮ್ಮನ ಮನೆ ಹೆಚ್ಚುಕಡಿಮೆ ಒಂದೇ ಕಾಲದ್ದು. ಇದನ್ನು ಎರಡು ದಿನದಲ್ಲಿ ನೆಲಸಮ ಮಾಡಿದರು. ಅಲ್ಲಿ ಒಂದು ಪಕ್ಕಾಸು, ಅಂದರೆ ಮಾಡು ಹೊರುವ ಮರ, ಬದಲಾಯಿಸಲು ನಾವು ಮಾರ್ಚ್‌ನಿಂದ ಓಡಾಡುತ್ತಿದ್ದೇವೆ. ಯಾಕೆ ಅಂತ ದಾರಿಯಲ್ಲಿ ಹೇಳ್ತೇನೆ. ಬಸ್ಸು ಬಂತು.

ಸರಿ, ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಾಳಿ ಶಬ್ದ ಜಾಸ್ತಿ ಇರಬಹುದು, ಹಾಗಾಗಿ ಈ ಮಾತು ಮನೆಯಲ್ಲಿ ಕುಳಿತು ಸೇರಿಸುತ್ತಿದ್ದೇನೆ.

ದೊಡ್ಡಮ್ಮನ ಮನೆ ಇರುವುದು ಕಾರ್ಕಳದ ಚತುರ್ಮುಖ ಬಸದಿಯ ಹತ್ತಿರ. ಆ ಬಸದಿ 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ಬಾಗಿಲು, ಪೂರ್ತಿ ಕಲ್ಲು. ಮಾಡು ಕೂಡ ಕಲ್ಲಿನ ಚಪ್ಪಡಿಯದ್ದೇ. ಎದುರು ಬೆಟ್ಟದಲ್ಲಿ ಗೊಮ್ಮಟ, ಅದು 1432ರದ್ದು, 42 ಅಡಿ ಎತ್ತರ. ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದ, ಅಂದರೆ ಎಎಸ್‌ಐನ ಸಂರಕ್ಷಿತ ಸ್ಮಾರಕಗಳು. ನೀಲಿ ಬೋರ್ಡ್ ನೋಡಿರ್ತೀರಿ. ಆ ಬೋರ್ಡ್ ಹಿಂದೆ 1958ರ ಕಾನೂನು ಉಂಟು. 2010ರಲ್ಲಿ ಅದನ್ನು ತಿದ್ದಿ ಇನ್ನೂ ಬಿಗಿ ಮಾಡಿದರು. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಕಟ್ಟುವ ಹಾಗೇ ಇಲ್ಲ. ಎರಡನೆಯದರಲ್ಲಿ ಅನುಮತಿ ಪಡೆದು ಕಟ್ಟಬಹುದು. ಮೀರಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಇಷ್ಟು ನಮಗೆ ಮೊದಲೇ ಗೊತ್ತಿತ್ತಾ? ಇಲ್ಲ. ಅಲ್ಲೇ ಆದದ್ದು ಎಡವಟ್ಟು.

ಬಂದೆವು. ಇದು ಚಾವಡಿ. ದೊಡ್ಡಮ್ಮ ಕ್ಯಾಮೆರಾ ಕಂಡರೆ ಒಳಗೆ ಹೋಗ್ತಾರೆ, ಅವರ ಸೆರಗು ಮಾತ್ರ ಕಾಣುತ್ತದೆ ನಿಮಗೆ. ಮೇಲೆ ನೋಡಿ, ಆ ಮೂಲೆ. ಕಪ್ಪಗಾಗಿದೆಯಲ್ಲ, ಅಲ್ಲಿಂದಲೇ ನೀರು ಇಳಿಯುವುದು. ಮೂರು ಪಕ್ಕಾಸಿಗೆ ಒರಲೆ ಹಿಡಿದಿದೆ. ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಇಗೋ, ಒತ್ತುತ್ತಿದ್ದೇನೆ. ಹೊರಗಿನ ಬಣ್ಣ ಮಾತ್ರ ಉಳಿದದ್ದು, ಒಳಗೆ ಎಲ್ಲ ಪುಡಿ.

ಮಾರ್ಚ್‌ನಲ್ಲಿ ಮರಗೆಲಸದ ಆಚಾರ್ರು ಬಂದು ನೋಡಿ, "ಅಕ್ಕ, ಈ ಮಳೆಗಾಲ ಇದು ನಿಲ್ಲುವುದಿಲ್ಲ" ಅಂದರು. ನಾವು ಹೂಂ ಅಂದೆವು. ಹೇಗೂ ಆಳು ಬರ್ತಾರೆ ಅಂತ ದೊಡ್ಡಮ್ಮನಿಗೆ ಒಂದು ಬಚ್ಚಲು ಕೋಣೆಯನ್ನೂ ಮನೆಗೆ ತಾಗಿ ಕಟ್ಟುವ ಅಂದುಕೊಂಡೆವು. ಈಗಿನದ್ದು ಅಂಗಳ ದಾಟಿ ಹಿಂದೆ ಉಂಟು. ಅವರಿಗೆ ಮೊಣಕಾಲು ನೋವು. ರಾತ್ರಿ ಮಳೆಯಲ್ಲಿ ಕೊಡೆ ಹಿಡಿದು ಆ ಪಾಚಿಯ ಮೇಲೆ ನಡೆಯಬೇಕು. ಒಂದು ಕಚೇರಿಯಲ್ಲಿ ಕೇಳಿದೆವು. "ರಿಪೇರಿಗೆ ಏನೂ ಬೇಡ, ಬಸದಿಯಿಂದ 100 ಮೀಟರ್ ಆಚೆ ಇದ್ದರೆ ಕಟ್ಟಿ" ಅಂದರು. ಅದು ತಪ್ಪು ಮಾಹಿತಿ. ಆದರೆ ಮೇಜಿನ ಆಚೆ ಕೂತವರು ಹೇಳಿದ್ದಾರೆ, ನಾವು ನಂಬಿದೆವು.

ಆಮೇಲೆ ಅಳತೆ. ನಾನು, ಅಣ್ಣನ ಮಗ, ಒಂದು 30 ಮೀಟರ್ ಟೇಪು. ಮಟಮಟ ಮಧ್ಯಾಹ್ನ. ಬಸದಿಯ ಗೋಡೆಯ ಬುಡಕ್ಕೆ ತುದಿ ಹಿಡಿದು ಅವನು ನಿಂತ, ನಾನು ಕೆಳಗೆ ಎಳೆಯುತ್ತಾ ಬಂದೆ. ಕಲ್ಲಿನ ಮೇಲೆ ಗುರುತು ಹಾಕಲು ಬಳಪ ತಂದಿದ್ದೆವು. ಬಂಡೆ ಎಷ್ಟು ಕಾದಿತ್ತು ಅಂದರೆ ಕೂತು ಬರೆಯಲು ಆಗುತ್ತಿರಲಿಲ್ಲ. ನಾಲ್ಕು ಸಲ ಟೇಪು ಎಳೆದು ಮನೆಯ ಗೋಡೆಗೆ ಬಂದಾಗ 117 ಮೀಟರ್. ಆ ಹುಡುಗ ಖುಷಿಯಲ್ಲಿ ಅಲ್ಲೇ ಕುಣಿದ. ನಾನು ಅವತ್ತೇ ಆಚಾರ್ರಿಗೆ 5,000 ರೂಪಾಯಿ ಮುಂಗಡ ಕೊಟ್ಟೆ. ಬಚ್ಚಲು ಕೋಣೆಗೆ ಮುರಕಲ್ಲು ಒಂದು ಲೋಡ್ ಇಳಿಸಿಯೂ ಆಯಿತು. ಈಗ ಗೇಟಿನ ಪಕ್ಕ ರಾಶಿ ಕಾಣ್ತಿದೆಯಲ್ಲ, ಅದೇ ಕಲ್ಲು. ಅಂದಿನಿಂದ ಅಲ್ಲೇ ಬಿದ್ದಿದೆ.

ನಾಲ್ಕು ದಿನ ಕಳೆದ ಮೇಲೆ, ಗೊತ್ತಿದ್ದ ಒಬ್ಬರು ಎಂಜಿನಿಯರ್ ಬಂದು ಒಂದೇ ಪ್ರಶ್ನೆ ಕೇಳಿದರು. "ಎಲ್ಲಿಂದ ಅಳೆದಿರಿ?" ಗೋಡೆಯಿಂದ ಅಂದೆ. ಅವರು ತಲೆ ಆಡಿಸಿದರು. ಅಳೆಯಬೇಕಾದದ್ದು ಗೋಡೆಯಿಂದ ಅಲ್ಲ. ಸಂರಕ್ಷಿತ ಪ್ರದೇಶದ ಗಡಿಯಿಂದ. ಅಂದರೆ ಇಲ್ಲಿ ಬಸದಿಯ ಸುತ್ತಲಿನ ಬೇಲಿಯಿಂದ. ಮತ್ತೆ ಟೇಪು ತಂದೆವು. ಈ ಸಲ ಮೂರೇ ಎಳೆತ. 74 ಮೀಟರ್.

ಆ ಮೂರನೇ ಎಳೆತದಲ್ಲಿ ಟೇಪಿನ ಮೇಲಿನ 14 ಅಂಕಿ ಈಗಲೂ ಕಣ್ಣ ಮುಂದೆ ಉಂಟು. ನಾನು ಅದನ್ನು ಎರಡು ಸಲ ಓದಿದೆ. ಒಂದು ಬೇಲಿಯಿಂದ ದೊಡ್ಡಮ್ಮನ ಬಚ್ಚಲು ಹೋಯಿತು. ಇನ್ನೊಂದು ವಿಷಯ, 117 ಇದ್ದಿದ್ದರೂ ನಾವು ಸುಮ್ನೆ ಕೆಲಸ ಶುರು ಮಾಡುವ ಹಾಗಿರಲಿಲ್ಲ. ನಿಯಂತ್ರಿತ ಪ್ರದೇಶದಲ್ಲೂ ರಿಪೇರಿಗೆ ಅನುಮತಿ ಬೇಕೇ ಬೇಕು. ಹಳೆಯ ಸ್ಮಾರಕದ ಹತ್ತಿರ ನಿಮ್ಮ ಮನೆ ಇದ್ದರೆ ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಿರಿ. 100 ಅಲ್ಲ, ಒಟ್ಟು 300 ಮೀಟರ್ ಲೆಕ್ಕ ಹಾಕಿ. ಕಲ್ಲು ಆಮೇಲೆ ತರಿಸಿ.

ಚಹಾ ಬಂತು. ಒಂದು ನಿಮಿಷ.

ಹಾಂ, ಈ ಟ್ರಂಕು. ಇದರಿಂದ ನಮಗೆ ದೊಡ್ಡ ಉಪಕಾರ ಆಯಿತು. ನಿಷೇಧಿತ ಪ್ರದೇಶದ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಆದರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ರಿಪೇರಿಗೆ, ನವೀಕರಣಕ್ಕೆ ಅರ್ಜಿ ಹಾಕಬಹುದು. ಮೊದಲೇ ಇತ್ತು ಎಂದು ತೋರಿಸಬೇಕು. ದೊಡ್ಡಮ್ಮ ಎದ್ದು ಹೋಗಿ ಮಂಚದ ಅಡಿಯಿಂದ ಇದನ್ನು ಎಳೆದರು. ಒಳಗೆ ದೊಡ್ಡಪ್ಪ ಜೋಡಿಸಿಟ್ಟ ಮನೆ ತೆರಿಗೆ ರಶೀದಿ. ವರ್ಷವಾರು, ಬಾಳೆನಾರಿನಲ್ಲಿ ಕಟ್ಟಿ. ಇದು ನೋಡಿ, 1974. ಮಡಿಸಿದ ಗೆರೆಯಲ್ಲಿ ಕಾಗದ ಹರಿದಿದೆ, ಆದರೆ ಶಾಯಿ ಹಾಗೇ ಉಂಟು. "ಎಂತಕ್ಕೂ ಬೇಕಾಗ್ತದೆ ಅಂತ ಅವರು ಹೇಳ್ತಿದ್ರು ಮಗಾ" ಅಂದರು ದೊಡ್ಡಮ್ಮ. ನನಗೆ ಗಂಟಲು ಕಟ್ಟಿತು.

ಅರ್ಜಿ ಹಾಕಿದೆವು. ಅದು ಹೋಗುವ ದಾರಿ ಹೀಗೆ. ಮೊದಲು ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ. ಅವರು 15 ದಿನದಲ್ಲಿ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ದಿಲ್ಲಿಯವರು ಎರಡು ತಿಂಗಳಲ್ಲಿ ಶಿಫಾರಸು ಕೊಡಬೇಕು. ಆಮೇಲೆ ಒಂದು ತಿಂಗಳಲ್ಲಿ ಇಲ್ಲಿಯ ತೀರ್ಮಾನ. ಎಲ್ಲ ಸರಿಯಾಗಿ ನಡೆದರೂ ಮೂರೂವರೆ ತಿಂಗಳು. ಮಾರ್ಚ್ ಕೊನೆಗೆ ಹಾಕಿದರೆ ಜುಲೈ. ನಮ್ಮ ಕರಾವಳಿಯ ಮಳೆ ಜೂನ್‌ಗೇ ಬರುತ್ತದೆ. ಈ ಗಡುವು ಇಟ್ಟವರು ಹಂಚಿನ ಮನೆಯಲ್ಲಿ ಒಂದು ಮಳೆಗಾಲ ಕಳೆದವರಲ್ಲ. ಬಸದಿ ಉಳಿಯಬೇಕು, ಅದರಲ್ಲಿ ನನಗೆ ಸಂಶಯವೇ ಇಲ್ಲ. ಅದರ ಪಕ್ಕ ನಾಲ್ಕು ಮಾಳಿಗೆ ಎದ್ದರೆ ಆ ಬಂಡೆ, ಆ ಆಕಾಶ ಎಲ್ಲ ಹೋಯಿತು. ಆದರೆ ಮೂರು ಪಕ್ಕಾಸು ಮತ್ತು ಹಂಚಿಗೂ ಅದೇ ಉದ್ದದ ದಾರಿ ಯಾಕೆ? ಆಗ ನನಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ, ಈ ಕಾನೂನೇ ಬೇಡ ಅಂದಿದ್ದೆ.

ಈಗ ಹಾಗೆ ಹೇಳುವುದಿಲ್ಲ. ಬೆಳಿಗ್ಗೆ ಉಡುಪಿಯಲ್ಲಿ ತೋರಿಸಿದೆನಲ್ಲ ಆ ಖಾಲಿ ಜಾಗ. ಕಾನೂನು ಇಲ್ಲದಿದ್ದರೆ ಏನಾಗುತ್ತದೆ ಅಂತ ಅಲ್ಲಿ ಕಾಣುತ್ತದೆ.

ನನ್ನ ಕ್ಲಾಸ್‌ಮೇಟ್ ಒಬ್ಬಳು ಇಂಗ್ಲೆಂಡಿನ ಬಾತ್ ಊರಿನಲ್ಲಿದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳುವಾಗ ಅವಳು ಅಲ್ಲಿಯದ್ದು ಹೇಳಿದಳು. ಅಲ್ಲಿ ಕಾಪಾಡಬೇಕಾದ ಕಟ್ಟಡಗಳ ಪಟ್ಟಿಯಲ್ಲಿರುವ ಮನೆಗೆ ಹಳೆಯ ಮರದ ಕಿಟಕಿ ತೆಗೆದು ಪ್ಲಾಸ್ಟಿಕ್ ಕಿಟಕಿ ಹಾಕಬೇಕಾದರೂ ಒಪ್ಪಿಗೆ ಬೇಕು. ಕೇಳದೆ ಮಾಡಿದರೆ ಅದು ಅಪರಾಧ. ಮನೆ ಒಂದೇ ಅಲ್ಲ, ಇಡೀ ಬೀದಿಯನ್ನೇ, ಪೇಟೆಯನ್ನೇ ಕಾಪಾಡುವ ಪ್ರದೇಶ ಎಂದು ಗುರುತಿಸುವುದನ್ನು ಅವರು 1967ರಲ್ಲೇ ಶುರು ಮಾಡಿದ್ದಾರೆ. ಅಂಥ ಕಡೆ ನಿಮ್ಮದೇ ಹಿತ್ತಲಿನ ಮರ ಕಡಿಯಬೇಕಾದರೂ ಆರು ವಾರ ಮೊದಲೇ ತಿಳಿಸಬೇಕಂತೆ. ಮೊದಲು ಕೇಳಿದಾಗ ಇದು ಅತಿಯಾಯಿತು ಅನಿಸಿತು. ಆಮೇಲೆ ನಮ್ಮ ರಸ್ತೆ ಬದಿಯ ಮಾವಿನ ಮರ ನೆನಪಾಯಿತು. ಒಂದು ಭಾನುವಾರ ಬೆಳಿಗ್ಗೆ ಎದ್ದಾಗ ಇರಲಿಲ್ಲ. ಆರು ವಾರ ಒಳ್ಳೆಯದೇ.

ದೂರ ಯಾಕೆ, ಮುಂಬೈಯಲ್ಲಿ 1995ರಿಂದ ಇಂಥ ನಿಯಮ ಉಂಟು. ಕಟ್ಟಡಗಳಿಗೆ ಒಂದು, ಎರಡು, ಮೂರು ಅಂತ ಶ್ರೇಣಿ ಕೊಟ್ಟಿದ್ದಾರೆ. ಒಂದನೆಯದನ್ನು ಮುಟ್ಟುವುದು ಬಹಳ ಕಷ್ಟ. ಕೆಳಗಿನ ಶ್ರೇಣಿಯಲ್ಲಿ ಒಳಗೆ ಬದಲಾಯಿಸಲು ಅವಕಾಶ ಜಾಸ್ತಿ. ನಮ್ಮ ರಾಜ್ಯದ ಪಟ್ಟಣ ಯೋಜನೆ ಕಾಯ್ದೆಯಲ್ಲೂ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎನ್ನುವ ಮಾತು ಉಂಟು. ಆದರೆ ಯಾರಾದರೂ ಕೂತು ಘೋಷಿಸಬೇಕಲ್ಲ. ಘೋಷಿಸಿದರೂ ಸಾಲದು. ಮೈಸೂರು ನೋಡಿ, ಪರಂಪರೆಯ ಬಗ್ಗೆ ಅಷ್ಟು ಮಾತಾಡುವ ಊರು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು, ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಹಳೆಯ ಕಟ್ಟಡಕ್ಕೆ ಬೋರ್ಡ್‌ಗಿಂತ ಮೊದಲು ಬೇಕಾದದ್ದು ಕಾಲಕಾಲಕ್ಕೆ ರಿಪೇರಿ. ಹಂಚು ಬದಲಾಯಿಸುವವನಿಗೆ ಒಂದು ವಾರದಲ್ಲಿ ಅನುಮತಿ ಕೊಡಿ, ಆದರೆ ಹಂಚೇ ಹಾಕಬೇಕು ಅನ್ನಿ. ಕೆಡವುವವನನ್ನು ಕಾಯಿಸಿ. ನನಗೆ ಅಷ್ಟೇ ಬೇಕಾದದ್ದು.

ಅಯ್ಯೋ, ಆಚಾರ್ರು ಬಂದರು. ಹಂಚಿನ ರಾಶಿ ತೋರಿಸ್ತೇನೆ ಬನ್ನಿ.

ಇದು ಮಾಡಿನಿಂದ ಬಿದ್ದ ಹಂಚು. ಹಿಂಬದಿ ನೋಡಿ, ಕಾರ್ಖಾನೆಯ ಹೆಸರು ಒತ್ತಿದ್ದಾರೆ. ಅರ್ಧ ಅಳಿಸಿದೆ, ಮಂಗಳೂರು ಅನ್ನುವುದು ಕೈಗೆ ತಾಗುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆಮೇಲೆ ನೇತ್ರಾವತಿ, ಫಲ್ಗುಣಿ ದಂಡೆಯ ಜೇಡಿಮಣ್ಣು ಊರೂರಿನ ಮಾಡು ಏರಿತು. ಈಗ ಇದೇ ಅಳತೆಯ ಹಳೆಯ ಹಂಚು ಹುಡುಕಬೇಕು. ಹೊಸದರ ಗಾಡಿ, ಅಂದರೆ ಒಂದಕ್ಕೊಂದು ಕೂರುವ ಅಂಚಿನ ಗೀರು, ಇದಕ್ಕೆ ಕೂರುವುದಿಲ್ಲ, ಒಂದು ಬೆರಳು ವ್ಯತ್ಯಾಸ ಬಂದರೂ ಮಳೆ ನೀರು ಒಳಗೆ. ಆಚಾರ್ರು ಒಂದು ಕಡೆ ವಿಚಾರಿಸಿದ್ದಾರೆ, ಹಂಚೊಂದಕ್ಕೆ 18 ರೂಪಾಯಿ ಹೇಳಿದರಂತೆ. ಎಲ್ಲಿಂದ ಬಂದ ಹಂಚು ಅಂತ ಕೇಳಿದೆ. "ಉಡುಪಿಯಲ್ಲಿ ಒಂದು ಮಾಳಿಗೆ ಮನೆ ಕೆಡವಿದ್ರಲ್ಲ ಅಕ್ಕ, ಅದರದ್ದು" ಅಂದರು.

ಅದೇ ಮನೆ. ಆ ಜಗಲಿಯ ಮೇಲಿದ್ದ ಹಂಚು. 200 ಬೇಕು ಅಂದೆ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ.

ಬಚ್ಚಲಿನ ವಿಷಯ ಹೇಳದೆ ಬಿಟ್ಟೆ. ಹೊರಗೆ ಕಟ್ಟುವಂತಿಲ್ಲವಲ್ಲ. ಚಾವಡಿಯ ಪಕ್ಕ ಅಕ್ಕಿ ಮುಡಿ ಇಡುತ್ತಿದ್ದ ಕೋಣೆ ಉಂಟು. ಗೋಡೆ, ಮಾಡು ಎಲ್ಲ ಮೊದಲಿನದ್ದೇ. ಅದರ ಒಳಗೇ ಮಾಡುವುದು ಅಂತ ಎಂಜಿನಿಯರ್ ನಕ್ಷೆ ಬರೆದು ಅರ್ಜಿಗೆ ಸೇರಿಸಿದ್ದಾರೆ. ಮಲಗುವ ಕೋಣೆಯಿಂದ ಏಳು ಹೆಜ್ಜೆ. ದೊಡ್ಡಮ್ಮ ನಿನ್ನೆ ನಡೆದು ನೋಡಿದರಂತೆ, ಗೋಡೆ ಹಿಡಿದು.

ಇವತ್ತಿಗೆ ಟಾರ್ಪಾಲು ಕಟ್ಟುವ ಕೆಲಸ. ಮೋಡ ಆಗಲೇ ಗೊಮ್ಮಟ ಬೆಟ್ಟದ ಹಿಂದೆ ಕಪ್ಪಾಗಿದೆ. ಆಚಾರ್ರು ಏಣಿ ಹತ್ತಿದ್ದಾರೆ, ಹಗ್ಗದ ಇನ್ನೊಂದು ತುದಿ ನನ್ನ ಕೈಗೆ ಬೇಕಂತೆ. ಕ್ಯಾಮೆರಾ ಜಗಲಿಯಲ್ಲಿ ಇಡ್ತೇನೆ. ಬಂದೆ ಆಚಾರ್ರೇ, ಬಿಡಬೇಡಿ!